ಉಡುಪಿನ ಕುರಿತು ನಮಗೆ ವಾಕ್ಯವನ್ನು ಪೂರ್ತಿಯಾಗಿ ಬೋಧಿಸಿರಿ: ಸಭಾಪಾಲಕರಿಗೂ ಹಿರಿಯರಿಗೂ ಒಂದು ಬಹಿರಂಗ ಪತ್ರ

ಕರ್ತನಲ್ಲಿ ಪ್ರಿಯರಾದ ಸಭಾಪಾಲಕರಿಗೂ, ಸಭೆಯ ಹಿರಿಯರಿಗೂ, ಸ್ತ್ರೀಯರ ಕೂಟಗಳನ್ನು ನಡೆಸುವ ಅಕ್ಕಂದಿರಿಗೂ ಯೇಸು ಕ್ರಿಸ್ತನ ನಾಮದಲ್ಲಿ ವಂದನೆಗಳು.

ನಾನೊಬ್ಬ ವಿಶ್ವಾಸಿ. ಮದುವೆಯಾಗಿ 16 ವರ್ಷಗಳಾಗಿವೆ. ಇಬ್ಬರು ಹೆಣ್ಣುಮಕ್ಕಳು ಮತ್ತು ಒಬ್ಬ ಮಗನಿದ್ದಾರೆ. ಮೈಮುಚ್ಚುವ, ಡಂಭವಿಲ್ಲದ, ಹೆಣ್ಣಿಗೆ ಒಪ್ಪುವ ಉಡುಪನ್ನೇ ತೊಡಬೇಕೆಂದು ನಾನು ತೀರ್ಮಾನಿಸಿ ಬಹಳ ಕಾಲವಾಯಿತು, ಆ ತೀರ್ಮಾನದ ಬಗ್ಗೆ ನನಗೆ ಒಂದು ದಿನವೂ ಪಶ್ಚಾತ್ತಾಪವಾಗಿಲ್ಲ. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಸಭೆಯಲ್ಲಿ ಉಡುಪಿನ ಮಾತೆತ್ತಿದ ಹೆಂಗಸು ಕಟ್ಟುಪಾಡನ್ನು ಸಡಿಲಿಸಲು ಬಂದಿದ್ದಾಳೆಂದೇ ಹಲವರು ಭಾವಿಸುತ್ತಾರೆ. ನನ್ನ ಬಿನ್ನಹ ಸಡಿಲಿಸಿರೆಂದಲ್ಲ. ಈ ವಿಷಯವಾಗಿ ದೇವರ ವಾಕ್ಯವು ಎಷ್ಟು ಹೇಳುತ್ತದೆಯೋ ಅಷ್ಟನ್ನೂ, ಯಾರಿಗೆ ಹೇಳುತ್ತದೆಯೋ ಅವರೆಲ್ಲರಿಗೂ ಬೋಧಿಸಿರಿ ಎಂಬುದಷ್ಟೇ ನಾನು ಕೇಳುವುದು. ಈಗ ನಡೆಯುತ್ತಿರುವುದು ಅರ್ಧ ಬೋಧನೆ, ಅದೂ ಸಭೆಯಲ್ಲಿ ಎಲ್ಲರಿಗಿಂತ ಚಿಕ್ಕವರಾದ, ಎದುರುತ್ತರ ಕೊಡಲಾರದ ಹುಡುಗಿಯರ ಹೆಗಲ ಮೇಲೆ ಹೊರಿಸಿದ ಬೋಧನೆ.

ನನಗೆ 13 ವರ್ಷವಾಗಿದ್ದಾಗಿನ ಒಂದು ಮಾತನ್ನು ಇಲ್ಲಿ ಹೇಳಬೇಕು. ಆ ವರ್ಷ ನಾನು ಬೇಗ ಬೇಗ ಉದ್ದವಾಗುತ್ತಿದ್ದೆ, ನನ್ನ ಬಟ್ಟೆಗಳು ನನ್ನ ಜೊತೆಗೆ ಬೆಳೆಯುತ್ತಿರಲಿಲ್ಲ. ಒಂದು ದಿನ ಆರಾಧನೆ ಮುಗಿದು ಜನರು ಹೊರಗೆ ಬರುತ್ತಿದ್ದಾಗ ಹಿರಿಯ ಹೆಂಗಸೊಬ್ಬರು ನನ್ನನ್ನು ತಡೆದು, ಎಲ್ಲರ ಎದುರಿಗೇ ಮೊಣಕಾಲೂರಿ ಕೂರಲು ಹೇಳಿದರು. ಲಂಗದ ಅಂಚು ನೆಲಕ್ಕೆ ತಾಗುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕಾಗಿ ಹಾಗೆ ಹೇಳಿದ್ದರು. ತಾಗಲಿಲ್ಲ. ಎರಡು ಬೆರಳಿನಷ್ಟು ಅಂತರವಿತ್ತು. "ನಿನ್ನಂಥವರಿಂದಲೇ ಸಹೋದರರು ಎಡವುವುದು" ಎಂದು ಅವರು ಹೇಳಿದರು. ಎಡವುವುದೆಂದರೆ ಏನೆಂದು ಆಗ ನನಗೆ ಸರಿಯಾಗಿ ತಿಳಿದಿರಲಿಲ್ಲ, ನನ್ನ ಮೈಯಲ್ಲಿ ಏನೋ ತಪ್ಪಿದೆ ಎಂಬುದು ಮಾತ್ರ ಚೆನ್ನಾಗಿ ತಿಳಿಯಿತು. ಮೊಣಕಾಲೂರುವುದು ಪ್ರಾರ್ಥನೆಗೆಂದು ಅದುವರೆಗೆ ಕಲಿತಿದ್ದ ನನಗೆ, ಅನಂತರ ಎಷ್ಟೋ ವರ್ಷ ಪ್ರಾರ್ಥನೆಗೆ ಮೊಣಕಾಲೂರಿದಾಗಲೆಲ್ಲ ಕೈ ತಾನಾಗಿಯೇ ಅಂಚನ್ನು ಕೆಳಗೆ ಎಳೆಯುತ್ತಿತ್ತು.

ಅಲ್ಲಿಂದ ಮುಂದೆ ನಾನು ಉದ್ದುದ್ದನೆಯ, ದೊಗಳೆ ಬಟ್ಟೆಗಳನ್ನು ಹಾಕಿಕೊಂಡೆ. ಹೊರಗಿನಿಂದ ನೋಡಿದವರು ಎಂಥ ಸಭ್ಯ ಹುಡುಗಿ ಎಂದು ಮೆಚ್ಚಿದರು. ಆ ಮೆಚ್ಚುಗೆಯ ಒಳಗೆ ಇದ್ದದ್ದು ಹೆದರಿಕೆ, ಅದರ ಒಳಗೆ ಇನ್ನೂ ಕೆಟ್ಟದ್ದೊಂದಿತ್ತು: ನನಗಿಂತ ಗಿಡ್ಡ ಲಂಗ ತೊಟ್ಟ ಹುಡುಗಿಯನ್ನು ಕಂಡಾಗ ನಾನೂ ಕಣ್ಣಿನಲ್ಲೇ ಅಳೆಯುತ್ತಿದ್ದೆ. ಬಟ್ಟೆ ಮೈಯನ್ನು ಪೂರ್ತಿ ಮುಚ್ಚಿತ್ತು, ಆದರೆ ಅಪೊಸ್ತಲನಾದ ಪೌಲನು ಯಾವುದನ್ನು ಬಿಡಬೇಕೆಂದು ಬರೆದನೋ ಆ ಡಂಭ ಅದೇ ಬಟ್ಟೆಯ ಕೆಳಗೆ ಸುಖವಾಗಿ ಬೆಳೆಯುತ್ತಿತ್ತು. ಇಂದು ನಾನು ತೊಡುವ ಉಡುಪಿನ ಉದ್ದಕ್ಕೂ ಆಗಿನ ಉಡುಪಿನ ಉದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಅಂದು ಮೈಯನ್ನು ಅಡಗಿಸಿಡಲು ತೊಡುತ್ತಿದ್ದೆ, ಇಂದು ಅದನ್ನು ಗೌರವಿಸಲು ತೊಡುತ್ತೇನೆ. ಟೇಪು ಹಿಡಿದು ಅಳೆಯುವವರಿಗೆ ಈ ಎರಡೂ ಒಂದೇ ಆಗಿ ಕಾಣುತ್ತವೆಯೆಂಬುದೇ ನನ್ನ ಕಳವಳ.

ಮೊದಲ ಮಗಳು ಹುಟ್ಟಿದ ಮೇಲೆ ನನ್ನಲ್ಲಿ ಬದಲಾವಣೆ ಬಂತು. ಬಾಣಂತನದ ದಿನಗಳಲ್ಲಿ ಉಡುಪೆಂದರೆ ಮೊದಲು ಕೆಲಸಕ್ಕೆ ಬರುವ ವಸ್ತು. ಮುಂದೆ ಗುಂಡಿಯಿರಬೇಕು, ಮಗುವಿಗೆ ಹಾಲೂಡಿಸಲು ಅನುಕೂಲವಾಗಬೇಕು, ಹಾಲು ಕಕ್ಕಿದರೆ ಒಗೆಯಲು ಸುಲಭವಾಗಿರಬೇಕು. ಯಾವ ಮೈಯನ್ನು ನಾನು ಇತರರನ್ನು ಪಾಪದಲ್ಲಿ ಬೀಳಿಸುವ ಎಡವುಗಲ್ಲೆಂದು ಅಷ್ಟು ವರ್ಷ ಹೊತ್ತು ತಿರುಗಿದ್ದೆನೋ ಅದೇ ಮೈ ಒಂದು ಜೀವವನ್ನು ಹೊತ್ತು, ಹೆತ್ತು, ಈಗ ಅದಕ್ಕೆ ಉಣಿಸುತ್ತಿತ್ತು. ಮಗುವಿಗೆ ಸ್ನಾನ ಮಾಡಿಸಿ, ಒದ್ದೆ ಮೈ ಒರೆಸಿ, ಪುಟ್ಟ ಕೈಯನ್ನು ತೋಳಿನೊಳಗಿಂದ ಮೆಲ್ಲಗೆ ಎಳೆದುಕೊಂಡು ಅಂಗಿ ತೊಡಿಸುತ್ತಿದ್ದಾಗ ಆದಿಕಾಂಡದ 3ನೆಯ ಅಧ್ಯಾಯ ನೆನಪಿಗೆ ಬಂತು. ಆದಾಮನೂ ಹವ್ವಳೂ ಅಂಜೂರದ ಎಲೆಗಳನ್ನು ಹೊಲಿದುಕೊಂಡದ್ದು ನಾಚಿಕೆಯಿಂದ, ಬಚ್ಚಿಟ್ಟುಕೊಳ್ಳುವುದಕ್ಕಾಗಿ. ಆದರೆ ಅದೇ ಅಧ್ಯಾಯದ 21ನೆಯ ವಚನದಲ್ಲಿ ದೇವರು ತಾನೇ ಚರ್ಮದ ಅಂಗಿಗಳನ್ನು ಮಾಡಿ ಅವರಿಗೆ ತೊಡಿಸುತ್ತಾನೆ. ತೀರ್ಪನ್ನು ಹೇಳಿಯಾಗಿದೆ, ಅವರನ್ನು ತೋಟದಿಂದ ಹೊರಗೆ ಕಳುಹಿಸಬೇಕಾಗಿದೆ. ಆದರೂ ಹೊರಗಿನ ಚಳಿಗಾಳಿಗೆ ಕಳುಹಿಸುವ ಮುಂಚೆ ತಾಯಿಯ ಹಾಗೆ ಬಟ್ಟೆ ತೊಡಿಸುತ್ತಾನೆ, ಹೆಣ್ಣಿಗೆ ಮಾತ್ರವಲ್ಲ, ಇಬ್ಬರಿಗೂ. ಉಡುಪು ದಂಡನೆಯಲ್ಲ, ಆರೈಕೆ ಎಂಬುದು ಅಂದು ನನಗೆ ಹೊಳೆಯಿತು. ಅಂಜೂರದ ಎಲೆಯನ್ನು ಬಿಟ್ಟು ದೇವರು ಕೊಟ್ಟ ಅಂಗಿಯನ್ನು ತೊಡುವುದಕ್ಕೆ ನಾನು ಶುರುಮಾಡಿದ್ದು ಅಂದಿನಿಂದ.

ಈಗ ನಿಮ್ಮ ಪ್ರಸಂಗಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ವಚನಕ್ಕೆ ಬರುತ್ತೇನೆ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರದ 2ನೆಯ ಅಧ್ಯಾಯದ 9 ಮತ್ತು 10ನೆಯ ವಚನಗಳಲ್ಲಿ ಪೌಲನು ಸ್ತ್ರೀಯರು ಮರ್ಯಾದೆಗೆ ತಕ್ಕ ಉಡುಪಿನಿಂದ, ಲಜ್ಜೆಯಿಂದಲೂ ಸ್ವಸ್ಥಬುದ್ಧಿಯಿಂದಲೂ ತಮ್ಮನ್ನು ಅಲಂಕರಿಸಿಕೊಳ್ಳಬೇಕೆಂದು ಹೇಳುತ್ತಾನೆ. ಇಷ್ಟಕ್ಕೇ ಪ್ರಸಂಗ ನಿಂತುಬಿಡುತ್ತದೆ, ಉಳಿದದ್ದು ತೋಳಿನ ಅಳತೆಗೂ ಕತ್ತಿನ ಆಳಕ್ಕೂ ಹೋಗುತ್ತದೆ. ಆದರೆ ಪೌಲನು ಅಲ್ಲಿ ಬೇಡವೆಂದು ಹೆಸರು ಹಿಡಿದು ಹೇಳಿದ ವಸ್ತುಗಳು ಯಾವುವು? ಹೆಣೆದ ಹೆರಳು, ಚಿನ್ನ, ಮುತ್ತು, ಬೆಲೆಯುಳ್ಳ ವಸ್ತ್ರ. ಗಿಡ್ಡ ಬಟ್ಟೆಯ ಮಾತು ಆ ಪಟ್ಟಿಯಲ್ಲಿಲ್ಲ. ತಿಮೊಥೆಯನಿದ್ದ ಎಫೆಸ ದೊಡ್ಡ ವ್ಯಾಪಾರದ ಪಟ್ಟಣ. ಆ ಕಾಲದ ರೋಮನ್ ಜಗತ್ತಿನಲ್ಲಿ ದಾಸಿಯರಿಂದ ಗಂಟೆಗಟ್ಟಲೆ ಹೆಣೆಯಿಸಿಕೊಂಡ, ಚಿನ್ನ ಮುತ್ತುಗಳನ್ನು ಸೇರಿಸಿದ ಹೆರಳು ಸಿರಿವಂತರ ಮನೆಯ ಗುರುತಾಗಿತ್ತು. ಸಭೆ ಕೂಡಿದಾಗ ಆ ಹೆರಳಿನ ಪಕ್ಕದಲ್ಲೇ ಅಂಥ ಹೆರಳನ್ನು ಹೆಣೆದು ಕೈ ನೋಯಿಸಿಕೊಂಡ ದಾಸಿಯೂ ಕೂತಿರಬಹುದಾಗಿತ್ತು. ಮೈ ತೋರಿಸುವುದೂ ಆ ವಚನದ ವ್ಯಾಪ್ತಿಗೆ ಬರುತ್ತದೆಂದು ನಾನು ನಂಬುತ್ತೇನೆ, ಲಜ್ಜೆ ಎಂಬ ಮಾತು ಅಲ್ಲಿರುವುದು ಸುಮ್ಮನೆ ಅಲ್ಲ. ಆದರೆ ಸಿರಿ ತೋರಿಸುವುದನ್ನು ಪೌಲನು ನೇರವಾಗಿ ಹೆಸರಿಸಿರುವಾಗ ನಾವು ಅದನ್ನು ದಾಟಿಕೊಂಡು ಹೋಗುವುದು ಹೇಗೆ?

ಇನ್ನೊಂದು ಸಂಗತಿಯನ್ನು ನಾನು ತಿಳಿದದ್ದು ತಡವಾಗಿ, ತಿಳಿದ ರಾತ್ರಿ ನಿದ್ದೆ ಬರಲಿಲ್ಲ. 'ಮರ್ಯಾದೆಗೆ ತಕ್ಕ' ಎಂದು ನಾವು ಓದುವ ಕಡೆ ಗ್ರೀಕ್ ಮೂಲದಲ್ಲಿರುವ ಪದ 'ಕೊಸ್ಮಿಯೊಸ್'. ವ್ಯವಸ್ಥೆಯುಳ್ಳದ್ದು, ನಮ್ಮ ಮಾತಿನಲ್ಲಿ ಹೇಳುವುದಾದರೆ ಒಪ್ಪ ಓರಣವಾದದ್ದು, ಎಂದು ಅದರ ಅರ್ಥ. ಅದರ ಜೊತೆಗಿರುವ ಇನ್ನೊಂದು ಪದ 'ಸೊಫ್ರೊಸುನೆ', ಅಂದರೆ ಸ್ವಸ್ಥಬುದ್ಧಿ, ತನ್ನ ಮೇಲೆ ತನಗಿರುವ ಹಿಡಿತ. ಮೊದಲನೆಯ ಪದವೂ ಎರಡನೆಯದರ ಇನ್ನೊಂದು ರೂಪವೂ ಅದೇ ಪತ್ರದಲ್ಲಿ ಕೆಲವೇ ವಚನಗಳ ನಂತರ, 3ನೆಯ ಅಧ್ಯಾಯದ 2ನೆಯ ವಚನದಲ್ಲಿ, ಒಟ್ಟಿಗೇ ಮತ್ತೆ ಬರುತ್ತವೆ. ಅಲ್ಲಿ ಅವು ಬರುವುದು ಸ್ತ್ರೀಯರಿಗಾಗಿ ಅಲ್ಲ. ಸಭಾಧ್ಯಕ್ಷನು ಸ್ವಸ್ಥಬುದ್ಧಿಯುಳ್ಳವನೂ ಒಪ್ಪವಾದ ನಡತೆಯುಳ್ಳವನೂ ಆಗಿರಬೇಕು ಎಂದು, ಸಭೆಯನ್ನು ನಡೆಸುವವರಿಗಾಗಿ ಬರುತ್ತವೆ. ಹಿರಿಯರೇ, ನಮ್ಮ ಉಡುಪಿಗೆ ಪೌಲನು ಯಾವ ಎರಡು ಗುಣಗಳನ್ನು ಹೇಳಿದನೋ ಅವನ್ನೇ ನಿಮ್ಮ ಸ್ಥಾನಕ್ಕೂ ಹೇಳಿದ್ದಾನೆ. ಇದನ್ನು ನಾನು ಎದುರಿಸಿ ನಿಲ್ಲುವ ಮಾತಾಗಿ ಹೇಳುತ್ತಿಲ್ಲ, ಒಂದೇ ನೊಗಕ್ಕೆ ಹೆಗಲು ಕೊಟ್ಟವರ ಮಾತಾಗಿ ಹೇಳುತ್ತಿದ್ದೇನೆ. ನನ್ನ ಮಗಳಿಗೆ ನಾನು ಕಲಿಸುತ್ತಿರುವ ಗುಣ ಅವಳ ಸಭಾಪಾಲಕರಲ್ಲಿಯೂ ಇರಬೇಕಾದ ಗುಣವೇ ಎಂದು ಅವಳಿಗೆ ಯಾರಾದರೂ ವೇದಿಕೆಯಿಂದ ಹೇಳಿದ್ದರೆ ಅವಳು ಎಷ್ಟು ನೆಟ್ಟಗೆ ಕೂರುತ್ತಿದ್ದಳು!

ಯೆಶಾಯನ 3ನೆಯ ಅಧ್ಯಾಯದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಚೀಯೋನಿನ, ಅಂದರೆ ಯೆರೂಸಲೇಮಿನ, ಹೆಣ್ಣುಮಕ್ಕಳ ಗರ್ವ, ಕತ್ತು ಕೊಂಕಿಸಿ ನಡೆಯುವ ನಡಿಗೆ, ಕಾಲ್ಗೆಜ್ಜೆ, ಬಳೆ, ಮುಸುಕು, ಕೈಚೀಲಗಳವರೆಗೆ ಪ್ರವಾದಿ ಕೊಟ್ಟ ಉದ್ದನೆಯ ಪಟ್ಟಿಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಆ ಪಟ್ಟಿ ಶುರುವಾಗುವುದು 16ನೆಯ ವಚನದಿಂದ. 14 ಮತ್ತು 15ನೆಯ ವಚನಗಳನ್ನು ಅದರ ಜೊತೆಗೆ ಓದಿದ ಪ್ರಸಂಗವನ್ನು ನಾನು ಒಂದು ಸಲವೂ ಕೇಳಿಲ್ಲ. ಅಲ್ಲಿ ಕರ್ತನು ನ್ಯಾಯವಿಚಾರಣೆಗೆ ನಿಲ್ಲಿಸುವುದು ತನ್ನ ಜನರ ಹಿರಿಯರನ್ನು ಮತ್ತು ಪ್ರಭುಗಳನ್ನು. ಬಡವರಿಂದ ಕಸಿದದ್ದು ನಿಮ್ಮ ಮನೆಗಳಲ್ಲಿಯೇ ಇದೆಯಲ್ಲಾ ಎಂದು ಕೇಳುತ್ತಾನೆ. ಅದಾದ ಮೇಲೆ ಒಡವೆಗಳ ಮಾತು ಬರುತ್ತದೆ. ಆ ಒಡವೆಗಳು ಎಲ್ಲಿಂದ ಬಂದವೆಂದು ಹಿಂದಿನ ವಚನವೇ ಹೇಳಿಬಿಟ್ಟಿರುತ್ತದೆ. ಉಡುಪಿನ ವಿಷಯದಲ್ಲಿ ಸತ್ಯವೇದ ಬಡವನನ್ನು ಮರೆಯುವುದೇ ಇಲ್ಲ. ಯಾಕೋಬನ ಪತ್ರದ 2ನೆಯ ಅಧ್ಯಾಯದಲ್ಲಿ ಚಿನ್ನದ ಉಂಗುರ ತೊಟ್ಟು ಶೋಭಾಯಮಾನ ವಸ್ತ್ರ ಧರಿಸಿ ಬಂದವನಿಗೆ ಒಳ್ಳೆಯ ಪೀಠವೂ ಕೊಳಕು ಬಟ್ಟೆಯವನಿಗೆ ಪಾದದ ಬಳಿಯ ಜಾಗವೂ ಸಿಗುತ್ತದೆ. ಅಲ್ಲಿ ಗದರಿಕೆ ಬೀಳುವುದು ಬಟ್ಟೆ ತೊಟ್ಟ ಇಬ್ಬರಲ್ಲಿ ಯಾರಿಗೂ ಅಲ್ಲ, ಬಾಗಿಲಲ್ಲಿ ನಿಂತು ಬಟ್ಟೆ ನೋಡಿ ಜಾಗ ತೋರಿಸಿದವರಿಗೆ. 18ನೆಯ ಶತಮಾನದಲ್ಲಿ ಮೆಥಡಿಸ್ಟ್ ಚಳವಳಿಯನ್ನು ನಡೆಸಿದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ ಉಡುಪಿನ ಕುರಿತೇ ಒಂದು ಪ್ರಸಂಗವನ್ನು ಬರೆದಾಗ ಅವರ ವಾದದ ಮುಖ್ಯ ಎಳೆಯೂ ಇದೇ ಆಗಿತ್ತು: ಬೆಲೆಬಾಳುವ ಬಟ್ಟೆಗೆ ಅನಾವಶ್ಯಕವಾಗಿ ಸುರಿದ ಹಣ ಬಡವರ ಪಾಲಿನದ್ದು.

ನನ್ನ ಪೆಟ್ಟಿಗೆಯನ್ನು ನಾನು ಈ ದೃಷ್ಟಿಯಿಂದ ನೋಡಿದಾಗ ನನಗೂ ನಾಚಿಕೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಉದ್ದ ತೋಳು, ಉದ್ದ ಲಂಗ ಎಲ್ಲವೂ ಇತ್ತು. ಬೇಕಾದದ್ದಕ್ಕಿಂತ ಮೂರು ಪಟ್ಟು ಇತ್ತು. ಮೈಮುಚ್ಚಿಕೊಂಡೇ ಮೆರೆಯಲು ಸಾಧ್ಯ. ಈಗ ನನ್ನ ಪದ್ಧತಿ ಸರಳವಾಗಿದೆ. ಬಟ್ಟೆಯೊಂದನ್ನು ಕೊಳ್ಳುವ ಮುಂಚೆ ಅದನ್ನು ಬೆಳಕಿಗೆ ಹಿಡಿದು ಹಿಂದೆ ಕೈಯಿಟ್ಟು ನೋಡುತ್ತೇನೆ; ಬೆರಳುಗಳು ಎಣಿಸುವಂತೆ ಕಂಡರೆ ಲೈನಿಂಗ್ ಬೇಕು, ಇಲ್ಲವೇ ಆ ಬಟ್ಟೆ ಬೇಡ. ತೊಟ್ಟ ಮೇಲೆ ಕನ್ನಡಿಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದಿಲ್ಲ. ಬಾಗಿ ಮಗುವಿನ ಬೂಟಿನ ದಾರ ಕಟ್ಟುವಂತೆ ಬಗ್ಗುತ್ತೇನೆ, ಮೇಲಿನ ಗೂಡಿನಿಂದ ಡಬ್ಬ ತೆಗೆಯುವಂತೆ ಎರಡೂ ಕೈ ಎತ್ತುತ್ತೇನೆ, ನೆಲದ ಮೇಲೆ ಕೂತು ಏಳುತ್ತೇನೆ. ಒಬ್ಬ ತಾಯಿಯ ದಿನದಲ್ಲಿ ನಿಂತಿರುವ ಹೊತ್ತಿಗಿಂತ ಬಗ್ಗಿ ಏಳುವ ಹೊತ್ತೇ ಹೆಚ್ಚು. ಆ ಚಲನೆಯಲ್ಲಿಯೂ ನನ್ನ ಗಮನವನ್ನು ಬಟ್ಟೆ ತನ್ನ ಕಡೆಗೆ ಎಳೆಯದಿದ್ದರೆ ಅದು ನನಗೆ ಒಳ್ಳೆಯ ಬಟ್ಟೆ. ಯಾವುದನ್ನು ತೊಟ್ಟ ಐದು ನಿಮಿಷಕ್ಕೆ ನಾನು ಮರೆತುಬಿಡಬಲ್ಲೆನೋ, ಮರೆತು ಎದುರಿಗಿರುವವರ ಮುಖ ನೋಡಬಲ್ಲೆನೋ ಅದನ್ನೇ ಆರಿಸಿಕೊಳ್ಳುತ್ತೇನೆ.

ಹೆಣ್ಣುತನದ ಮಾತನ್ನೂ ಹೇಳದೆ ಬಿಡಲಾರೆ, ಏಕೆಂದರೆ ಅದು ನನಗೆ ಸಂತೋಷದ ವಿಷಯ. ಘೇರಿರುವ ಲಂಗ, ಮೃದುವಾದ ಬಣ್ಣ, ಅಂಚಿಗೆ ಕೈಯಿಂದ ಹಾಕಿದ ಸಣ್ಣ ಕಸೂತಿ ಇವೆಲ್ಲ ನನಗೆ ಇಷ್ಟ. ದೇವರು ನನ್ನನ್ನು ಹೆಣ್ಣಾಗಿ ನಿರ್ಮಿಸಿ ಒಳ್ಳೆಯದೆಂದು ಕಂಡನೆಂದು ನಂಬುವವಳು ಹಾಗೆ ಕಾಣಿಸಿಕೊಳ್ಳಲು ಏಕೆ ಹಿಂಜರಿಯಬೇಕು? ಸರಳತೆಯೆಂದರೆ ಅಂದವನ್ನು ದ್ವೇಷಿಸುವುದೆಂದು ತಿಳಿದವರು ಜ್ಞಾನೋಕ್ತಿಗಳ 31ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು; ಆ ಗುಣವತಿಯಾದ ಸತಿ ನಾರುಮಡಿಯನ್ನೂ ಧೂಮ್ರವರ್ಣದ ಬಟ್ಟೆಯನ್ನೂ ಉಡುತ್ತಾಳೆ. ಅದಕ್ಕೂ ಮೊದಲಿನ ವಚನಗಳಲ್ಲಿ ಅವಳು ದರಿದ್ರರಿಗೆ ಕೈ ನೀಡಿರುತ್ತಾಳೆ, ಹಿಮ ಬಿದ್ದರೂ ಹೆದರಬೇಕಿಲ್ಲದಂತೆ ಮನೆಯವರಿಗೆಲ್ಲ ಬೆಚ್ಚನೆಯ ಉಡುಪು ಹೊಂದಿಸಿರುತ್ತಾಳೆ. ಅವಳು ತನ್ನ ಬಟ್ಟೆಯ ಕಡೆ ನೋಡಿಕೊಳ್ಳುವ ಹೊತ್ತಿಗೆ ಊಟವಿಲ್ಲದವರೂ ಚಳಿಯಲ್ಲಿರುವವರೂ ಆಗಲೇ ನೋಡಿಕೊಳ್ಳಲ್ಪಟ್ಟಿದ್ದಾರೆ. ಈ ಕ್ರಮ ನನಗೆ ಬಹಳ ಪ್ರಿಯವಾದದ್ದು.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದ 5ನೆಯ ವಚನವನ್ನು, ಅಂದರೆ ಸ್ತ್ರೀ ಪುರುಷವೇಷವನ್ನೂ ಪುರುಷನು ಸ್ತ್ರೀವೇಷವನ್ನೂ ಹಾಕಿಕೊಳ್ಳಬಾರದೆಂಬ ಮಾತನ್ನು, ನಾನು ಹಗುರವಾಗಿ ಕಾಣುವವಳಲ್ಲ. ಆದರೆ ಆ ವಚನವನ್ನು ಹಿಡಿದು ಪ್ಯಾಂಟು ತೊಟ್ಟ ಹೆಂಗಸನ್ನು ಬಾಗಿಲಲ್ಲೇ ಅಳೆಯುವವರು, ಅದನ್ನು ಮೊದಲು ಕೇಳಿದ ಗಂಡಸರೂ ಹೆಂಗಸರೂ ಉದ್ದನೆಯ ನಿಲುವಂಗಿಯನ್ನೇ ತೊಡುತ್ತಿದ್ದರೆಂಬುದನ್ನು ನೆನಪಿಡಬೇಕು. ಯಾವುದು ಯಾರ ವೇಷವೆಂಬುದು ನಾಡಿನಿಂದ ನಾಡಿಗೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. ದೇವರು ಕೊಟ್ಟ ಗಂಡು ಹೆಣ್ಣೆಂಬ ಭೇದವನ್ನು ಮನಸಾರೆ ಒಪ್ಪಿಕೊಂಡಿರುವುದು ಬದಲಾಗದ ಅಂಶ. 1431ರಲ್ಲಿ, ಫ್ರಾನ್ಸಿನ ಸೈನ್ಯದ ಜೊತೆ ಯುದ್ಧಕ್ಕೆ ಹೋಗಿ ಸೆರೆಸಿಕ್ಕ ಜೋನ್ ಆಫ್ ಆರ್ಕ್ ಎಂಬ ಸುಮಾರು 19 ವರ್ಷದ ಹುಡುಗಿಯ ಮೇಲೆ ಸಭೆಯ ನ್ಯಾಯಾಲಯವು ಹೊರಿಸಿದ ಆಪಾದನೆಗಳಲ್ಲಿ ಗಂಡಸಿನ ಉಡುಪು ತೊಟ್ಟದ್ದೂ ಒಂದು. ಗಂಡಸರ ನಡುವೆ ಇರಬೇಕಾದಾಗ ಆ ಉಡುಪೇ ತನಗೆ ತಕ್ಕದ್ದೆಂದು ಅವಳು ಸೆರೆಮನೆಯಲ್ಲಿ ಹೇಳಿದ್ದಳು. ಯಾರೂ ಕಿವಿಗೊಡಲಿಲ್ಲ, ಅವಳನ್ನು ಸುಟ್ಟರು. 1456ರಲ್ಲಿ ಆ ತೀರ್ಪನ್ನು ರದ್ದುಮಾಡಿದ್ದೂ, 1920ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದ್ದೂ ಸಭೆಯೇ. ಒಬ್ಬ ಹೆಣ್ಣುಮಗಳು ತನ್ನ ಮಾನವನ್ನು ಯಾವ ಬಟ್ಟೆಯಿಂದ ಕಾಪಾಡಿಕೊಂಡಳೋ ಅದನ್ನೇ ಅವಳ ಅಪರಾಧವೆಂದು ಬರೆದ ತೀರ್ಪು ಅದು. ನಮ್ಮ ನಡುವೆ ಯಾರನ್ನೂ ಸುಡುವುದಿಲ್ಲ, ನಿಜ. ಆದರೆ ಆ ಹೆಂಗಸು ಏಕೆ ಹಾಗೆ ಉಟ್ಟಿದ್ದಾಳೆಂದು ಕೇಳುವ ಮುಂಚೆಯೇ ತೀರ್ಪು ಬರೆಯುವ ಅಭ್ಯಾಸ ಮಾತ್ರ ಹೋಗಿಲ್ಲ.

ನನ್ನ ಗಂಡ ನನಗೆ ಹೀಗೆಯೇ ಉಡಬೇಕೆಂದು ಎಂದೂ ಆಜ್ಞೆ ಮಾಡಿದವರಲ್ಲ. ಇದನ್ನು ಬರೆಯುವುದು ಅವಶ್ಯವೆಂದು ತೋರಿತು, ಏಕೆಂದರೆ ಸಭ್ಯವಾಗಿ ಉಡುವ ಹೆಂಡತಿಯ ಹಿಂದೆ ಯಾರದೋ ಒತ್ತಾಯವಿರಬೇಕೆಂದು ಹೊರಗಿನವರು ಊಹಿಸುತ್ತಾರೆ, ಒತ್ತಾಯ ಮಾಡುವುದೇ ಗಂಡನ ಕರ್ತವ್ಯವೆಂದು ಒಳಗಿನ ಕೆಲವರು ಬೋಧಿಸುತ್ತಾರೆ. ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯವು ಜಡೆ, ಚಿನ್ನ, ವಸ್ತ್ರಗಳ ಅಲಂಕಾರವನ್ನು ಬದಿಗಿಟ್ಟು ಸಾತ್ವಿಕವಾದ ಶಾಂತಮನಸ್ಸೆಂಬ ಭೂಷಣವನ್ನು ಹೇಳುವುದು ನೇರವಾಗಿ ಸ್ತ್ರೀಯರಿಗೆ. ಅದೇ ಅಧ್ಯಾಯದ 7ನೆಯ ವಚನದಲ್ಲಿ ಗಂಡಂದಿರಿಗೆ ಬೇರೆಯೇ ಕೆಲಸವಿದೆ: ವಿವೇಕದಿಂದ ಬಾಳುವೆ ಮಾಡಿ, ಹೆಂಡತಿಯನ್ನು ಜೀವವೆಂಬ ವರಕ್ಕೆ ತಮ್ಮ ಜೊತೆ ಹಕ್ಕುದಾರಳೆಂದು ಗೌರವಿಸುವುದು. ಗೌರವಿಸದಿದ್ದರೆ ಅವರ ಪ್ರಾರ್ಥನೆಗಳಿಗೇ ಅಡ್ಡಿಯಾಗುತ್ತದೆಂದು ಅಪೊಸ್ತಲನು ಎಚ್ಚರಿಸುತ್ತಾನೆ. ಹೆಂಡತಿಯ ಪೆಟ್ಟಿಗೆಯನ್ನು ತಪಾಸಣೆ ಮಾಡಿರೆಂದು ಹೇಳುವುದಿಲ್ಲ. ನಾನು ಉಡುಪನ್ನು ಆರಿಸುವಾಗ ಅವರ ಮೆಚ್ಚುಗೆಯೂ ನನಗೆ ಬೇಕು, ಅದನ್ನು ಸಂತೋಷದಿಂದಲೇ ಕೇಳುತ್ತೇನೆ. ಕೇಳಿ ಕೊಡುವುದಕ್ಕೂ ಕಸಿದುಕೊಳ್ಳುವುದಕ್ಕೂ ಇರುವ ಅಂತರವನ್ನು ಮದುವೆಯಾದ ಪ್ರತಿಯೊಬ್ಬರೂ ಬಲ್ಲರು.

ಇನ್ನು ನನ್ನ ಮಗನ ವಿಷಯ. ಅವನಿಗೆ ಈಗ 12 ವರ್ಷ. ಇಷ್ಟು ವರ್ಷಗಳಲ್ಲಿ ಅವನ ಅಕ್ಕನಿಗೆ ಉಡುಪಿನ ಬಗ್ಗೆ ಸಭೆಯಲ್ಲಿ ಹೇಳಿದ ಮಾತುಗಳನ್ನು ನಾನು ಎಣಿಸಲಾರೆ, ಅವನಿಗೆ ಕಣ್ಣಿನ ಬಗ್ಗೆ ಒಂದೇ ಒಂದು ಮಾತನ್ನೂ ಯಾರೂ ಹೇಳಿಲ್ಲ. ಆದರೆ ನಮ್ಮ ಕರ್ತನು ಮಾತಾಡಿದ್ದು ಆ ಕಣ್ಣಿನ ಬಗ್ಗೆ. ಮತ್ತಾಯನ 5ನೆಯ ಅಧ್ಯಾಯದಲ್ಲಿ ಪರಸ್ತ್ರೀಯನ್ನು ಮೋಹಿಸಿ ನೋಡಿದವನು ಆಗಲೇ ಮನಸ್ಸಿನಲ್ಲಿ ವ್ಯಭಿಚಾರ ಮಾಡಿದನೆಂದು ಹೇಳಿದ ಕೂಡಲೇ ಆತನು ಕೊಡುವ ಪರಿಹಾರ, ಆ ಸ್ತ್ರೀಗೆ ಇನ್ನೊಂದು ಬಟ್ಟೆ ಹೊದಿಸಿರಿ ಎಂಬುದಲ್ಲ. ನಿನ್ನ ಬಲಗಣ್ಣು ನಿನ್ನನ್ನು ಪಾಪದಲ್ಲಿ ಬೀಳಿಸುವುದಾದರೆ ಅದನ್ನು ಕಿತ್ತು ಬಿಸಾಡು ಎಂಬುದು. ಆ ಸ್ತ್ರೀ ಏನು ಉಟ್ಟಿದ್ದಳೆಂದು ಯೇಸು ಹೇಳುವುದೇ ಇಲ್ಲ. ಯೋಬನು ಒಪ್ಪಂದ ಮಾಡಿಕೊಂಡದ್ದು ತನ್ನ ಕಣ್ಣುಗಳ ಸಂಗಡ, ಊರಿನ ಕನ್ಯೆಯರ ಸಂಗಡವಲ್ಲ. ನನ್ನ ಹೆಣ್ಣುಮಕ್ಕಳು ಬೇರೆಯವರ ಮನಸ್ಸಾಕ್ಷಿಯ ಮೇಲಿನ ಪ್ರೀತಿಯಿಂದ ಉಡುಪನ್ನು ಆರಿಸಿಕೊಳ್ಳಲಿ, ಅದನ್ನು ನಾನೇ ಕಲಿಸುತ್ತಿದ್ದೇನೆ. ಆದರೆ ಪ್ರೀತಿಯಿಂದ ಕೊಡುವುದನ್ನು ನಾವು ಸಾಲವಸೂಲಿಯ ಹಾಗೆ ಕೇಳಿದರೆ, ಮುಂದೊಂದು ದಿನ ಯಾವನೋ ಅವರ ಮೇಲೆ ಕೈಮಾಡಿದಾಗ ಅವರು ಮೊದಲು ತಮ್ಮ ಬಟ್ಟೆಯನ್ನು ನೋಡಿಕೊಳ್ಳುತ್ತಾರೆ, ನಮಗೆ ಬಂದು ಹೇಳುವುದಿಲ್ಲ. ಒಬ್ಬ ತಾಯಿಯಾಗಿ ನನಗೆ ಇದಕ್ಕಿಂತ ದೊಡ್ಡ ಭಯವಿಲ್ಲ. ನನ್ನ ಮಗನಾದರೋ, ಎದುರಿಗೆ ಯಾರು ಏನು ಉಟ್ಟು ನಿಂತರೂ ಮುಖ ನೋಡಿ ಮಾತಾಡುವ ಗಂಡಸಾಗಿ ಬೆಳೆಯಬೇಕು. ಅದನ್ನು ಅವನ ತಂದೆ ಮನೆಯಲ್ಲಿ ಕಲಿಸುತ್ತಿದ್ದಾರೆ, ವೇದಿಕೆಯಿಂದಲೂ ಅವನು ಅದನ್ನು ಕೇಳಬೇಕಾಗಿದೆ.

ಹೆಣ್ಣುಮಕ್ಕಳಿಗೆ ನಾನು ಎಲ್ಲಕ್ಕಿಂತ ಮೊದಲು ಬಾಯಿಪಾಠ ಮಾಡಿಸಿದ್ದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 12ನೆಯ ಅಧ್ಯಾಯದ ಮಾತನ್ನು. ದೇಹದಲ್ಲಿ ಕಡಿಮೆ ಮಾನವುಳ್ಳವೆಂದು ನಾವು ಎಣಿಸುವ ಅಂಗಗಳಿಗೇ ಹೆಚ್ಚಾದ ಮಾನವನ್ನು ಕೊಡುತ್ತೇವೆಂದು ಪೌಲನು ಅಲ್ಲಿ ಬರೆಯುತ್ತಾನೆ. ಮುಚ್ಚುವುದು ಮಾನ ಕೊಡುವ ಬಗೆ, ಅಸಹ್ಯವೆಂದು ಮರೆಮಾಡುವ ಬಗೆಯಲ್ಲ. ಹಿರಿಯ ಮಗಳಿಗೆ ಮೈ ಬದಲಾಗತೊಡಗಿದ ವರ್ಷ, ಒಂದು ಸಂಜೆ ನಾವಿಬ್ಬರೂ ಅವಳ ಲಂಗದ ಅಂಚು ಬಿಚ್ಚಿ ಇಳಿಸಿದೆವು. ಹಳೆಯ ಹೊಲಿಗೆಯನ್ನು ಒಂದೊಂದಾಗಿ ಬ್ಲೇಡಿನಿಂದ ಕತ್ತರಿಸಿ, ದಾರದ ಚೂರುಗಳನ್ನು ಆರಿಸಿ, ಇಸ್ತ್ರಿ ಮಾಡಿದೆವು. ಎಷ್ಟು ಉಜ್ಜಿದರೂ ಹಳೆಯ ಮಡಿಕೆಯ ಗೆರೆ ಹೋಗಲಿಲ್ಲ, ಮಡಿಕೆಯೊಳಗೆ ಬಿಸಿಲು ಕಾಣದೆ ಉಳಿದಿದ್ದ ಬಟ್ಟೆ ಮೇಲಿನದಕ್ಕಿಂತ ಗಾಢವಾದ ನೀಲಿಯಾಗಿತ್ತು. ಆ ಗೆರೆ ಎಲ್ಲರಿಗೂ ಕಾಣುತ್ತದಲ್ಲಾ ಎಂದು ಅವಳು ಮುಖ ಸಣ್ಣಗೆ ಮಾಡಿಕೊಂಡಳು. ನಾನು ಹನ್ನಳ ಕಥೆ ಹೇಳಿದೆ. ಹನ್ನಳು ಮಗನಾದ ಸಮುವೇಲನನ್ನು ದೇವಾಲಯದಲ್ಲಿ ಬಿಟ್ಟುಬಂದ ಮೇಲೆ ವರ್ಷವರ್ಷವೂ ಒಂದು ಚಿಕ್ಕ ನಿಲುವಂಗಿಯನ್ನು ಹೊಲಿದು ಒಯ್ಯುತ್ತಿದ್ದಳು. ವರ್ಷಕ್ಕೊಮ್ಮೆ ನೋಡುವ ಮಗನ ಅಳತೆ ಆ ತಾಯಿಗೆ ಹೇಗೆ ತಿಳಿಯುತ್ತಿತ್ತೋ, ಬಹುಶಃ ಸ್ವಲ್ಪ ದೊಡ್ಡದಾಗಿಯೇ ಹೊಲಿಯುತ್ತಿದ್ದಳೇನೋ ಎಂದೆ. ಮಗಳು ಆ ಗೆರೆಯ ಮೇಲೆ ಬಿಳಿ ದಾರದಿಂದ ಸರಪಳಿ ಹೊಲಿಗೆ ಹಾಕಿದಳು. ನನಗೆ 13 ವರ್ಷವಾಗಿದ್ದಾಗ ಎರಡು ಬೆರಳಿನ ಅಂತರ ಕಂಡ ಆ ಹಿರಿಯ ಹೆಂಗಸು ನನ್ನನ್ನು ಪಕ್ಕಕ್ಕೆ ಕರೆದು, ಬಾ ಮಗಳೇ ಇದರ ಅಂಚು ಬಿಚ್ಚಿಕೊಡುತ್ತೇನೆ ಎಂದಿದ್ದರೆ ಸಾಕಾಗಿತ್ತು.

ತೀತನಿಗೆ ಬರೆದ ಪತ್ರದ 2ನೆಯ ಅಧ್ಯಾಯವು ವೃದ್ಧಸ್ತ್ರೀಯರಿಗೆ ಯೌವನಸ್ಥೆಯರನ್ನು ತಿದ್ದುವ ಕೆಲಸವನ್ನು ಒಪ್ಪಿಸಿರುವುದು ಇಂಥ ಕೆಲಸಕ್ಕಾಗಿಯೇ ಎಂದು ನನಗನ್ನಿಸುತ್ತದೆ. ಆದ್ದರಿಂದ ನಾನು ನಿಮ್ಮಲ್ಲಿ ಬೇಡಿಕೊಳ್ಳುವುದಿಷ್ಟು. ಬಾಗಿಲಲ್ಲಿ ನಿಂತು ಅಳೆಯುವ ಕೆಲಸವನ್ನು ನಿಲ್ಲಿಸಿರಿ. ಮೊದಲ ಸಲ ಸಭೆಗೆ ಬಂದವಳು ತನಗಿರುವ ಬಟ್ಟೆಗಳಲ್ಲಿ ಒಳ್ಳೆಯದನ್ನೇ ಉಟ್ಟು ಬಂದಿರುತ್ತಾಳೆ, ಆ ಒಳ್ಳೆಯದು ನಮಗೆ ಸಾಲದೆಂದು ತೋರಿದರೆ ಅವಳು ಕರ್ತನ ಬಳಿಗೆ ಬರುವ ದಾರಿಯಲ್ಲಿ ನಾವೇ ಎಡವುಗಲ್ಲಾಗುತ್ತೇವೆ. ಹುಡುಗಿಯೊಬ್ಬಳಿಗೆ ಹೇಳಲೇಬೇಕಾದ ಮಾತಿದ್ದರೆ ಅವಳನ್ನು ಬಲ್ಲ, ಅವಳು ನಂಬುವ ಹೆಂಗಸೊಬ್ಬಳು ಏಕಾಂತದಲ್ಲಿ, ಕೈಯಲ್ಲಿ ಸೂಜಿದಾರ ಹಿಡಿದು ಹೇಳಲಿ. ಉಡುಪಿನ ಕುರಿತು ಪ್ರಸಂಗ ಮಾಡುವಾಗ ಹೆರಳು, ಚಿನ್ನ, ಮುತ್ತು, ಬೆಲೆಯುಳ್ಳ ವಸ್ತ್ರಗಳೆಂಬ ಮಾತುಗಳನ್ನು ದಾಟಿಹೋಗಬೇಡಿರಿ, ಮುಂದಿನ ಸಾಲುಗಳಲ್ಲಿ ಕೂತಿರುವ ಸಿರಿವಂತರಿಗೆ ಅದು ಕಷ್ಟವಾದರೂ ಹೇಳಿರಿ. ಗಂಡಸರ ಉಡುಪು, ಗಡಿಯಾರ, ವಾಹನಗಳ ಡಂಭವನ್ನೂ ಅದೇ ಪ್ರಸಂಗದಲ್ಲಿ ಸೇರಿಸಿರಿ, ಯಾಕೋಬನು ಹೆಸರಿಸಿದ ಚಿನ್ನದ ಉಂಗುರ ಒಬ್ಬ ಗಂಡಸಿನ ಬೆರಳಲ್ಲಿತ್ತು. ಹುಡುಗಿಯರಿಗೆ ಒಂದು ಮಾತು ಹೇಳಿದ ದಿನವೇ ಹುಡುಗರಿಗೂ ಕಣ್ಣಿನ ಮಾತನ್ನು ಹೇಳಿರಿ.

ಇನ್ನೊಂದು ಕೋರಿಕೆಯಿದೆ. ಯೊಪ್ಪದಲ್ಲಿದ್ದ ತಬಿಥಾ, ಅಂದರೆ ದೊರ್ಕಳು, ಸತ್ತಾಗ ವಿಧವೆಯರು ಅಳುತ್ತಾ ಪೇತ್ರನಿಗೆ ತೋರಿಸಿದ್ದು ಅವಳು ತಮ್ಮ ಸಂಗಡ ಇದ್ದಾಗ ಮಾಡಿದ ಅಂಗಿಗಳನ್ನೂ ಬಟ್ಟೆಗಳನ್ನೂ ಎಂದು ಅಪೊಸ್ತಲರ ಕೃತ್ಯಗಳ 9ನೆಯ ಅಧ್ಯಾಯದಲ್ಲಿದೆ. ಅವಳು ತಾನು ಏನು ಉಡುತ್ತಿದ್ದಳೆಂದು ಲೂಕನು ಬರೆದಿಲ್ಲ, ಯಾರಿಗೆ ಉಡಿಸಿದಳೆಂದು ಬರೆದಿದ್ದಾನೆ. ನಿಮ್ಮ ಸಭೆಯ ಕಟ್ಟಡದಲ್ಲಿ ವಾರಕ್ಕೊಂದು ಮಧ್ಯಾಹ್ನ ಖಾಲಿಯಿರುವ ಕೋಣೆಯೊಂದನ್ನು ಹೆಂಗಸರಿಗೆ ಬಿಟ್ಟುಕೊಡಿರಿ. ಹೊಲಿಗೆ ಬಲ್ಲ ಹಿರಿಯರೂ, ದಿನದಿನಕ್ಕೆ ಉದ್ದವಾಗುತ್ತಿರುವ ಹುಡುಗಿಯರೂ, ಹಾಲೂಡಿಸುವ ತಾಯಂದಿರೂ ಅಲ್ಲಿ ಕೂಡಲಿ. ಅಂಚು ಇಳಿಸುವುದು, ಲೈನಿಂಗ್ ಕೊಡುವುದು, ತೋಳು ಸೇರಿಸುವುದು, ಉಪಯೋಗವಿಲ್ಲದೆ ಮಡಿಚಿಟ್ಟ ಒಳ್ಳೆಯ ಬಟ್ಟೆಗಳನ್ನು ಇಲ್ಲದವರ ಅಳತೆಗೆ ತಿರುಗಿ ಹೊಲಿಯುವುದು ಅಲ್ಲಿ ನಡೆಯಲಿ, ಕೈ ಕೆಲಸ ಮಾಡುತ್ತಿರುವಾಗ ನಾನು ಮೇಲೆ ಹೇಳಿದ ವಚನಗಳನ್ನು ಒಬ್ಬರು ಪೂರ್ತಿಯಾಗಿ ಓದಲಿ. ಹಿರಿಯರು ಒಪ್ಪಿದರೆ ನನ್ನ ಹೊಲಿಗೆ ಯಂತ್ರವನ್ನು ನಾನು ತರುತ್ತೇನೆ, ಸರಪಳಿ ಹೊಲಿಗೆಯನ್ನು ನನ್ನ ಮಗಳು ಕಲಿಸಿಕೊಡುತ್ತಾಳೆ.

ನಿಮ್ಮ ಉತ್ತರಕ್ಕಾಗಿ ಪ್ರಾರ್ಥನೆಯಿಂದ ಕಾದಿರುವ,
ಕ್ರಿಸ್ತನಲ್ಲಿ ನಿಮ್ಮ ಸಹೋದರಿ